ಮೂವರು ಕಟ್ಟಿದ ಗಂಟು

ಹಗ್ಗ ಸಿಕ್ಕಿದ್ದು ಬೂದೆಪ್ಪನ ದನದ ಕೊಟ್ಟಿಗೆಯಲ್ಲಿ, ಗೂಟಕ್ಕೆ ಹಾಕಿದ್ದ ಹಳೆಯ ಕಂಬಳಿಯ ಹಿಂದೆ.

ನಾನು ಕಂಬಳಿ ಸರಿಸಿದಾಗ ಬೆನ್ನ ಹಿಂದೆ ನಿಂತಿದ್ದ ಬೂದೆಪ್ಪ ಉಸಿರು ಬಿಗಿಹಿಡಿದ. ಇಪ್ಪತ್ತೇಳು ವರ್ಷ ಪೊಲೀಸ್ ಚಾಕರಿ ಮಾಡಿದ್ದೇನೆ. ಮೊಣಕಾಲು ಸೋತಿವೆ, ಕಣ್ಣು ಮಂಜಾಗಿವೆ. ಆದರೆ ಹಿಂದೆ ನಿಂತವನ ಉಸಿರು ನಿಂತರೆ ಈಗಲೂ ಗೊತ್ತಾಗುತ್ತದೆ.

“ಬಚ್ಚಿಟ್ಟೀಯಲ್ಲೋ ಇದನ್ನ,” ಎಂದೆ.

“ಇಲ್ರೀ ದಫೇದಾರ್ರ. ಸುಮ್ನ ತೂಗ ಹಾಕೀನಿ.”

“ಕಂಬಳಿ ಹಿಂದ?”

ಅವನು ನೆಲ ನೋಡಿದ. ಎತ್ತು ಒಂದು ಅವನ ತೋಳು ನೆಕ್ಕುತ್ತಿತ್ತು, ಅದರ ಪರಿವೆಯೂ ಅವನಿಗಿರಲಿಲ್ಲ.

ಭಾನುವಾರ ಮುಂಜಾನೆ ಹಿರೇಕೊಟ್ನೆಕಲ್ ಬಳಿಯ ಹದ್ದಿನ ಗುಂಡು ಎಂಬ ದೊಡ್ಡ ಬಂಡೆಯಿಂದ ಮೌನಪ್ಪ ಮೇಷ್ಟ್ರು ಬಿದ್ದು ಸತ್ತಿದ್ದ. ಅವತ್ತೇ ಅವನ ಗೆಳೆಯ ವೆಂಕೋಬ “ನಾ ಕಟ್ಟಿದ ಗಂಟು ಬಿಚ್ಚಿತು, ನಾನ ಕೊಂದೆ” ಎಂದು ಮಾನ್ವಿ ಠಾಣೆಯ ಜಗಲಿಯ ಮೇಲೆ ಬಂದು ಕೂತವನು ಬುಧವಾರವಾದರೂ ಎದ್ದಿರಲಿಲ್ಲ. ಮನೆಗೆ ಹೋಗು ಎಂದರೂ ಹೋಗಲಿಲ್ಲ. ಇವತ್ತು ಸಂಜೆ ಐದಕ್ಕೆ ಅವನ ಮೇಲೆ ಕೊಲೆ ಕೇಸು ಬರೆಯುತ್ತೇನೆಂದು ನಮ್ಮ ಎಸ್.ಐ. ಸಾಹೇಬರು ಹೇಳಿಬಿಟ್ಟಿದ್ದರು.

ಸಾಹೇಬರಿಗೆ ಕೊಲೆಯ ವಾಸನೆ ಬಂದದ್ದಕ್ಕೆ ಕಾರಣವಿತ್ತು. ಶನಿವಾರ ಸಂಜೆ ಮಾನ್ವಿ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ವೆಂಕೋಬ ಮೌನಪ್ಪನ ಕೊರಳಪಟ್ಟಿ ಹಿಡಿದು, “ಬ್ಯಾಡ ಅಂದ್ರ ಕೇಳಂಗಿಲ್ಲಲ್ಲ ನೀ, ಜೀವ ಹೋಗ್ತದ ನೋಡು,” ಎಂದದ್ದನ್ನು ಅಂಗಡಿಯ ಅಮೀರ್ ಬೀ ಕಿವಿಯಾರೆ ಕೇಳಿದ್ದಳು. ಏನು ಬೇಡ, ಯಾರ ಜೀವ ಎಂದು ನಾನು ಎಷ್ಟು ಕೇಳಿದರೂ ವೆಂಕೋಬ ಬಾಯಿ ಬಿಡಲಿಲ್ಲ.

ನಾಲ್ವರು ಗೆಳೆಯರು. ಮೌನಪ್ಪ ಯರಗೇರಾದಲ್ಲಿ ಮೇಷ್ಟ್ರು, ವೆಂಕೋಬ ರಾಯಚೂರಿನಲ್ಲಿ ನೀರಾವರಿ ಕಚೇರಿಯ ಗುಮಾಸ್ತ, ಉರುಕುಂದಪ್ಪ ಬಸ್ ಕಂಡಕ್ಟರ್, ಬೂದೆಪ್ಪ ದೇವದುರ್ಗದ ಒಕ್ಕಲು ಮಗ. ತಿಂಗಳಿಗೊಮ್ಮೆ ಎರಡನೇ ಶನಿವಾರ ಬಂತೆಂದರೆ ಎರಡು ಮೋಟಾರು ಸೈಕಲ್ ಏರಿ, ಹಗ್ಗ ಕಟ್ಟಿಕೊಂಡು, ಎಲ್ಲಿ ಬಂಡೆ ಇದೆಯೋ ಅಲ್ಲಿಗೆ ಹೊರಡುತ್ತಿದ್ದರು. ಆ ಊರಿನ ಶಾಲೆಯ ಜಗಲಿಯಲ್ಲಿ ಮಲಗಿ, ಭಾನುವಾರ ಬಂಡೆ ಹತ್ತಿ, ಸಂಜೆಗೆ ರಾಯಚೂರು ಸೇರಿ ಮೌನಪ್ಪನ ತಾಯಿಯ ಕೈಯ ಊಟ ಮಾಡುವುದು. ಹತ್ತಿ ಏನು ಮಾಡುತ್ತಾರೆ ಎಂದು ನನ್ನ ಹೆಂಡತಿ ಕೇಳಿದಳು. ಇಳಿಯುತ್ತಾರೆ ಎಂದೆ. ಅವಳು ನನ್ನನ್ನೇ ಹುಚ್ಚನಂತೆ ನೋಡಿದಳು.

ಹಗ್ಗವನ್ನು ಬೆಳಕಿಗೆ ತಂದು ಬಿಚ್ಚಿ ಹಾಸಿದೆ. ಪುಂಡಿನಾರಿನ ಹುರಿ, ಹೆಬ್ಬೆರಳ ಗಾತ್ರ, ಹದಿನೈದು ಮಾರು ಉದ್ದ. ಒಂದು ತುದಿಯಲ್ಲಿ ಏನೂ ಇರಲಿಲ್ಲ. ಇನ್ನೊಂದು ತುದಿಯಲ್ಲಿ ಕುಣಿಕೆ ಇತ್ತು, ಕುಣಿಕೆಯ ಬುಡದಲ್ಲಿ ಗಂಟು ಇತ್ತು.

ಗಂಟು ಬಿಚ್ಚಿರಲಿಲ್ಲ.

ಉಗುರು ಹಾಕಿ ನೋಡಿದೆ, ಹಲ್ಲಿನಿಂದ ಎಳೆದು ನೋಡಿದೆ. ಕಲ್ಲಾಗಿತ್ತು. ಆಳಿನ ಭಾರ ಬಿದ್ದು ಬಿಗಿದ ಗಂಟು ಅದು. ಆಮೇಲೆ ಕೂತು ಕೈಯಲ್ಲಿ ಕಟ್ಟಿದ ಗಂಟಿಗೆ ಅಷ್ಟು ಬಿಗಿ ಬರುವುದಿಲ್ಲ. ಹಾಗಾದರೆ ಗಂಟು ಬಿಚ್ಚಿತು ಎಂದು ವೆಂಕೋಬ ಮೂರು ದಿನದಿಂದ ಯಾಕೆ ಎದೆ ಬಡಿದುಕೊಳ್ಳುತ್ತಿದ್ದಾನೆ?

“ಬೂದೆಪ್ಪ, ಇದನ್ನ ಯಾರು ಕಟ್ಟಿದ್ರು?”

“ನಾನ್ರೀ.”

“ಏನಂದಿ?”

“ಗಂಟು ಕಟ್ಟಿದಾವ ನಾನು. ಹಗ್ಗ ಹಿಡಿದಾವನೂ ನಾನ. ವೆಂಕೋಬನ್ನ ಬಿಡ್ರಿ. ನನ್ನ ಕರಕೊಂಡು ಹೋಗ್ರಿ.”

ಅವನ ತಾಯಿ ಹುಲಗೆಮ್ಮ ಅಷ್ಟರಲ್ಲಿ ಚಹಾ ಹಿಡಿದು ಬಂದಳು. ಮಗನ ಮಾತು ಅವಳ ಕಿವಿಗೆ ಬಿತ್ತೋ ಇಲ್ಲವೋ, ಬಟ್ಟಲು ನನ್ನ ಕೈಗಿತ್ತಳು.

“ಮೂರು ದಿನಾತ್ರೀ ಯಪ್ಪಾ, ಒಂದು ತುತ್ತು ಮುಟ್ಟಿಲ್ಲ,” ಎಂದಳು. “ಕೊಟ್ಟಿಗ್ಯಾಗ ಬಂದು ಆ ಹಗ್ಗ ಮುಟ್ಟಿ ಮುಟ್ಟಿ ಅಳ್ತಾನ. ನೀವರ ಹೇಳ್ರಿ.”

ಚಹಾ ಕುಡಿದು, ಅವಳ ಮಗನನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಹಿಂದೆ ತಿರುಗಿ ನೋಡಲು ನನಗೂ ಧೈರ್ಯವಾಗಲಿಲ್ಲ.

ಗಂಟಿನ ಮಾತು ಯಾಕೆ ಇಷ್ಟು ದೊಡ್ಡದಾಯಿತು ಎಂಬುದನ್ನು ಸೋಮವಾರವೇ ಮೌನಪ್ಪನ ತಾಯಿ ಯಮನಮ್ಮ ನನಗೆ ತಿಳಿಸಿದ್ದಳು. ಅವಳದು ಬಾವಿ ತೋಡುವ ಮನೆತನ. ಗಂಡ ಹಗ್ಗ ಕಟ್ಟಿಕೊಂಡು ಬಾವಿಗೆ ಇಳಿದರೆ ಅವಳು ಮೇಲೆ ಹಗ್ಗ ಹಿಡಿಯುತ್ತಿದ್ದಳು. ಅವರಲ್ಲಿ ಒಂದು ಕಟ್ಟಳೆ. ಇಳಿಯುವವನು ತನ್ನ ಸೊಂಟದ ಗಂಟು ತಾನು ಕಟ್ಟಿಕೊಳ್ಳುವಂತಿಲ್ಲ. ಹಗ್ಗ ಹಿಡಿಯುವವರೇ ಕಟ್ಟಬೇಕು. ಕಟ್ಟಿದವರು, ಇಳಿದವನು ತಿರುಗಿ ನೆಲಕ್ಕೆ ಕಾಲಿಡುವ ತನಕ ಹಗ್ಗ ಬಿಡುವಂತಿಲ್ಲ, ನೊಣ ಕಚ್ಚಿದರೂ, ಕೂಸು ಅತ್ತರೂ. ಮೌನಪ್ಪ ಅದೇ ಕಟ್ಟಳೆಯನ್ನು ಬಂಡೆಗೆ ತಂದಿದ್ದ. ಅವರ ಗುಂಪಿನಲ್ಲಿ ಗಂಟು ಕಟ್ಟಿದೆ ಎಂದರೆ ನಿನ್ನ ಜೀವ ನನ್ನ ಕೈಯಲ್ಲಿ ಎಂದು ಒಪ್ಪಿಕೊಂಡ ಹಾಗೆ.

“ಊರ ಬಾವಿ ಎಲ್ಲಾ ತೋಡಿದಾವ್ರು ನಾವ,” ಎಂದಿದ್ದಳು ಯಮನಮ್ಮ. “ನೀರು ಬಂದ ಮ್ಯಾಲ ದೂರ ನಿಂತು ಹೊಯ್ಸಿಕೊಂಡು ಕುಡದಾವ್ರೂ ನಾವ. ಗುಂಡು ಹತ್ತಿದ್ರ ಯಾರೂ ದೂರ ನಿಂದ್ರು ಅನ್ನಂಗಿಲ್ಲವ್ವಾ ಅಂತಿದ್ದ ನನ್ನ ಮಗ.”

ಆ ಮಾತು ಮೂರು ದಿನದಿಂದ ನನ್ನ ತಲೆಯಲ್ಲಿ ಕೂತಿದೆ.

ಮಾನ್ವಿಯ ಬಸ್ಸು ಹತ್ತಿ ಕೂತ ಮೇಲೆ ನೋಡುತ್ತೇನೆ, ಕಂಡಕ್ಟರ್ ಉರುಕುಂದಪ್ಪನೇ. ಮನೆಯಲ್ಲಿ ಕೂತರೆ ತಲೆ ಕೆಡುತ್ತದೆಂದು ಇವತ್ತೇ ಡ್ಯೂಟಿಗೆ ಬಂದಿದ್ದನಂತೆ. ಎರಡು ಮಾನ್ವಿ ಎಂದು ರೊಕ್ಕ ಚಾಚಿದೆ. ಅವನು ನನ್ನನ್ನು ನೋಡಿದ, ಪಕ್ಕದ ಬೂದೆಪ್ಪನನ್ನು ನೋಡಿದ, ನನ್ನ ತೊಡೆಯ ಮೇಲಿನ ಹಗ್ಗ ನೋಡಿದ. ಟಿಕೆಟ್ ಹರಿಯುವ ಕೈ ಅಲ್ಲೇ ನಿಂತಿತು.

ಇಬ್ಬರು ಗೆಳೆಯರು. ಸೋಮವಾರವಷ್ಟೇ ಮೌನಪ್ಪನ ಕುಣಿಗೆ ಒಟ್ಟಿಗೆ ಮಣ್ಣು ಹಾಕಿ ಬಂದವರು. ಒಂದು ಮಾತಿಲ್ಲ. ಬೂದೆಪ್ಪ ಕಿಟಕಿಯ ಆಚೆ ಜೋಳದ ಹೊಲ ನೋಡುತ್ತ ಕೂತ.

ಸಿರವಾರದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಡ್ರೈವರ್ ಚಹಾಕ್ಕೆ ಇಳಿದ. ಉರುಕುಂದಪ್ಪ ನನ್ನ ಕಿಟಕಿಯ ಕೆಳಗೆ ಬಂದು ನಿಂತ.

“ದಫೇದಾರ್ರ, ಅವನ್ನ ಯಾಕ ಹಿಡಕೊಂಡು ಹೊಂಟೀರಿ? ಅವನದೇನೂ ತಪ್ಪಿಲ್ಲ. ಗಂಟು ಕಟ್ಟಿದಾವ ನಾನು.”

“ಸುಮ್ನಿರಲೇ ಉರುಕ್ಯಾ,” ಎಂದ ಬೂದೆಪ್ಪ, ಮುಖ ತಿರುಗಿಸದೆ.

“ನೀ ಸುಮ್ನಿರು. ಹಗ್ಗ ಹಿಡಿದಾವ ನಾನ್ರೀ. ಕೈ ಜಾರಿತು. ಬರಕೋರಿ.”

ನನಗೆ ಸಿಟ್ಟು ಬಂತು. ಹಗ್ಗ ಒಂದು, ತುದಿ ಒಂದು, ಗಂಟು ಒಂದು. ಕಟ್ಟಿದವರು ಮೂವರು. ಸರಕಾರದ ಕಾಗದದಲ್ಲಿ ಇದನ್ನು ಹೇಗೆ ಬರೆಯುವುದು?

“ಕೈ ಜಾರಿತಾ? ಯಾವ ಕೈ? ತೋರ್ಸು.”

ಅವನು ಎರಡೂ ಅಂಗೈ ಕಿಟಕಿಗೆ ಹಿಡಿದ. ಚಿಲ್ಲರೆ ಎಣಿಸಿ ಎಣಿಸಿ ಕಪ್ಪಾದ ಬೆರಳು, ಮೆತ್ತಗಿನ ಅಂಗೈ. ಒಂದು ಗೀರಿಲ್ಲ.

“ನಿಂದು ತೋರ್ಸು,” ಎಂದೆ ಬೂದೆಪ್ಪನಿಗೆ. ನೇಗಿಲ ಮೇಳಿ ಹಿಡಿದು ಗಟ್ಟಿಯಾದ ಹಳೆಯ ಜಡ್ಡು ಬಿಟ್ಟರೆ ಅಲ್ಲಿಯೂ ಏನಿಲ್ಲ. ವೆಂಕೋಬನ ಕೈ ನೋಡುವ ಅಗತ್ಯವೇ ಇರಲಿಲ್ಲ. ಮೂರು ದಿನದಿಂದ ಅವನ ಕೈಗೆ ನಾನೇ ನೀರಿನ ಲೋಟ ಕೊಟ್ಟು ಇಸಿದುಕೊಂಡಿದ್ದೇನೆ, ಗೀರು ಕಂಡಿಲ್ಲ.

ಬೀಳುವ ಆಳಿನ ಹಗ್ಗ ಕೈಯಲ್ಲಿ ಓಡಿದರೆ ಅಂಗೈ ಚರ್ಮ ಉಳಿಯುವುದಿಲ್ಲ. ಪುಂಡಿನಾರಂತೂ ಗರಗಸವಿದ್ದ ಹಾಗೆ.

ಆಗ ನನಗೆ ಭಾನುವಾರದ ಪಂಚನಾಮೆ ನೆನಪಾಯಿತು. ಮೌನಪ್ಪನ ಹೆಣದ ಎರಡೂ ಅಂಗೈಗಳು ಅಡ್ಡಕ್ಕೆ ಸುಲಿದು ಹೋಗಿದ್ದವು. ಬಂಡೆ ಉಜ್ಜಿರಬೇಕು ಎಂದು ನನ್ನ ಕೈಯಾರೆ ಬರೆದಿದ್ದೆ. ಬರೆದು, ಸಹಿ ಹಾಕಿ, ಮನೆಗೆ ಹೋಗಿ ಉಂಡು ಮಲಗಿದ್ದೆ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಹಗ್ಗ ಹಿಡಿದವನು ಮೌನಪ್ಪ. ಬಿದ್ದವನೂ ಅವನೇ. ಹಾಗಾದರೆ ಕುಣಿಕೆಯೊಳಗೆ ಇದ್ದವರು ಯಾರು?

“ಉರುಕುಂದಪ್ಪ,” ಎಂದೆ. “ಬಸ್ಸು ಮಾನ್ವಿ ಮುಟ್ಟಿದ ಕೂಡ್ಲೆ ಲೆಕ್ಕ ಒಪ್ಪಿಸಿ ಠಾಣೆಗೆ ಬಾ. ತಪ್ಪಿಸಬ್ಯಾಡ.”

“ತಪ್ಪಿಸಾಂವ ಇದ್ರ ಹೇಳ್ತಿದ್ದಿಲ್ರೀ,” ಎಂದು ಅವನು ಸೀಟಿ ಊದಿದ.

ಠಾಣೆ ಮುಟ್ಟಿದಾಗ ನಾಲ್ಕೂವರೆ. ಜಗಲಿಯ ಮೇಲೆ ಯಮನಮ್ಮ ಕೂತಿದ್ದಳು. ರಾಯಚೂರಿನಿಂದ ಒಬ್ಬಳೇ ಬಂದಿದ್ದಳು. ಮುಂದೆ ಬಟ್ಟೆಯ ಗಂಟು ಬಿಚ್ಚಿತ್ತು, ಅದರಲ್ಲಿ ರೊಟ್ಟಿ, ಹಿಂಡಿಪಲ್ಯ. ವೆಂಕೋಬ ಗೋಡೆಗೆ ಮುಖ ಮಾಡಿ ಕೂತಿದ್ದ. ಅವಳು ರೊಟ್ಟಿ ಮುರಿದು ಅವನ ಬಾಯಿಯ ಹತ್ತಿರ ಹಿಡಿದಿದ್ದಳು, ಮಗುವಿಗೆ ಹಿಡಿದ ಹಾಗೆ.

“ತಿನ್ನೋ ಯಪ್ಪಾ. ನಾ ಬೇಡಿಕೋತೀನಿ.”

“ನನ್ನ ಕೈಲೆ ಸತ್ತಾನವ್ವಾ ಅವ. ನನಗ ಉಣಸಬ್ಯಾಡ.”

ನನ್ನನ್ನು ಕಂಡು ಅವಳು ಎದ್ದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ, ಅದು ಮುಗಿದಿತ್ತು.

“ದಫೇದಾರ್ರ, ಇವ ಕೊಂದಿಲ್ರೀ. ನಾ ಹೆತ್ತಾಕಿ ಹೇಳಾಕತ್ತೀನಿ. ಒಬ್ಬ ಹೋದ. ಇವನ್ನೂ ಜೇಲಿಗೆ ಹಾಕಿದ್ರ ನಾ ಯಾರಿಗೆ ಅಡಗಿ ಮಾಡ್ಲಿ? ಸಾಹೇಬ್ರಿಗೆ ಹೇಳ್ರಿ. ಕಾಲು ಹಿಡಿ ಅಂದ್ರ ಹಿಡೀತೀನಿ.”

ಸಾಹೇಬರು ಒಳಗೆ ಕಾಗದ ತೆಗೆದು ಕೂತಿದ್ದರು. ಮೈಸೂರಿನ ಕಡೆಯವರು, ವಯಸ್ಸು ಇಪ್ಪತ್ತಾರು, ಒಳ್ಳೆಯ ಮನುಷ್ಯ. ಎಲ್ಲವೂ ಬೇಗ ಮುಗಿಯಬೇಕೆನ್ನುವುದೊಂದೇ ಕೊರತೆ. ನಾನು ಹಗ್ಗವನ್ನು ಮೇಜಿನ ಮೇಲೆ ಇಟ್ಟೆ. ಉರುಕುಂದಪ್ಪನೂ ಬಂದ. ಮೂವರನ್ನೂ ಸಾಲಾಗಿ ನಿಲ್ಲಿಸಿದೆ.

“ಸಾರ್, ಕಟ್ಟಿದವನು ನಾನು ಎಂದು ಈ ಮೂವರೂ ಹೇಳುತ್ತಿದ್ದಾರೆ.”

“ಏನ್ರೀ ಇದು ಗಡಿಗೆಪ್ಪ? ಒಂದು ಗಂಟಿಗೆ ಮೂರು ಜನ ಬೇಕಾ?”

“ಮೂವರೂ ಸುಳ್ಳು ಹೇಳುತ್ತಿದ್ದಾರೆ ಸಾರ್. ಅಂಗೈ ನೋಡಿ.”

ನಾನು ಅಂಗೈ ವಿಷಯ ವಿವರಿಸಿದೆ. ಸಾಹೇಬರು ಪೆನ್ನು ಕೆಳಗಿಟ್ಟರು. ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅದೇ ನನಗೆ ಸೋಜಿಗ. ಸುಳ್ಳು ಹೇಳುವವರು ಒಬ್ಬರನ್ನೊಬ್ಬರು ಕದ್ದು ನೋಡುತ್ತಾರೆ. ಇವರು ನೋಡಲು ಹೆದರುತ್ತಿದ್ದರು.

“ನಾ ಒಂದ್ಸಲ ನೋಡ್ತೀನ್ರೀ ಹಗ್ಗಾನ,” ಎಂದು ಬಾಗಿಲಿನಿಂದ ಯಮನಮ್ಮ ಕೇಳಿದಳು.

ಸಾಹೇಬರು ಬೇಡ ಎನ್ನುವ ಮುಂಚೆ ನಾನು ಒಳಗೆ ಕರೆದೆ. ಅವಳು ಗಂಟನ್ನು ಅಂಗೈಯಲ್ಲಿ ಇಟ್ಟುಕೊಂಡಳು. ಹೆಬ್ಬೆರಳಿನಿಂದ ಸವರಿದಳು. ಗಂಟಿನಿಂದ ಹೊರಬಂದ ಚಿಕ್ಕ ತುದಿಯನ್ನು ಮತ್ತೆ ಹುರಿಯೊಳಗೆ ಸಿಗಿಸಿದ್ದರು. ಅಲ್ಲಿ ಅವಳ ಬೆರಳು ನಿಂತಿತು.

“ಇದು ಇವರ್ಯಾರ ಕೈಯೂ ಅಲ್ರೀ. ತುದಿ ಹಿಂಗ ಒಳಗ ಸೇರ್ಸಾವ ನನ್ನ ಗಂಡ ಒಬ್ಬ. ಆಮ್ಯಾಲ ನನ್ನ ಮಗ. ಇವ್ರಿಗೆ ಎಷ್ಟು ಕಲಿಸಿದ್ರೂ ಬರಲಿಲ್ಲ ಅಂತ ನಗ್ತಿದ್ದ. ಇದು ಮೌನಪ್ಪ ಕಟ್ಟಿದ್ದು.”

ನಾನು ಬೂದೆಪ್ಪನ ಕಡೆ ತಿರುಗಿದೆ.

“ಅದಕ್ಕ ಹಗ್ಗ ಸುಡಲಿಲ್ಲೇನು?” ಎಂದು ಕೇಳಿದೆ. “ಬಿಚ್ಚಲೂ ಇಲ್ಲ.”

“ಹ್ಯಾಂಗ ಬಿಚ್ಚಲ್ರೀ? ಅವನ ಕೈಯಾಂದು ಅದೊಂದ ಉಳದದ.”

ಯಮನಮ್ಮ ಕುಣಿಕೆಯನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದಳು. ಬಾವಿಯವರ ಗಂಟು ಅದು. ಎಷ್ಟು ಭಾರ ಬಿದ್ದರೂ ಕುಣಿಕೆ ಕಿರಿದಾಗುವುದಿಲ್ಲ, ಹಿರಿದೂ ಆಗುವುದಿಲ್ಲ. ಕಟ್ಟಿದಾಗ ಎಷ್ಟಿತ್ತೋ ಅಷ್ಟೇ. ಅವಳು ಅದನ್ನು ಬೂದೆಪ್ಪನ ತಲೆಯ ಮೇಲಿಂದ ಹಾಕಿದಳು. ಹೆಗಲಿನಲ್ಲೇ ನಿಂತಿತು. ವೆಂಕೋಬನಿಗೆ ಹಾಕಿದಳು. ತೋಳು ಎತ್ತಿಸಿ ಎಳೆದರೂ ಎದೆ ದಾಟಲಿಲ್ಲ. ಉರುಕುಂದಪ್ಪ ಸಣಕಲ, ಅವನಿಗೂ ಎದೆಯ ಮೇಲೆಯೇ ಸಿಕ್ಕಿಬಿತ್ತು. ಅವನು ಕಣ್ಣು ಮುಚ್ಚಿಕೊಂಡು ನಿಂತಿದ್ದ.

ಆಮೇಲೆ ಅವಳು ತಾನೇ ಹಾಕಿಕೊಂಡಳು. ಕುಣಿಕೆ ಅವಳ ಬಡಕಲು ಸೊಂಟಕ್ಕೆ ಬಂದು ಕೂತಿತು, ನಡುವೆ ಒಂದು ಮಡಿಕೆ ಬಟ್ಟೆ ಹಿಡಿಸುವಷ್ಟು ಜಾಗ ಬಿಟ್ಟು.

ಠಾಣೆಯ ಗೋಡೆ ಗಡಿಯಾರ ಐದು ಹೊಡೆಯಿತು. ಸಾಹೇಬರು ಕಾಗದದ ಕಡೆ ನೋಡಲಿಲ್ಲ.

“ಹೆಣ್ಮಗಳು,” ಎಂದಳು ಯಮನಮ್ಮ. “ನನ್ನ ಮಗ ಒಬ್ಬ ಹೆಣ್ಮಗಳಿಗೆ ಕಟ್ಟ್ಯಾನ ಇದನ್ನ.”

ಅವಳು ಮೂವರ ಕಡೆ ತಿರುಗಿದಳು.

“ಶನಿವಾರ ಹೋಗುಮುಂದ ಬಾಗಲದಾಗ ನಿಂತು ಹೇಳಿದ್ದ. ಯವ್ವಾ, ನಾಳೆ ಐದು ತಾಟು ಇಡು ಅಂದ. ಯಾವಾಗ್ಲೂ ನಾಲ್ಕಲ್ಲೇನೋ ಅಂದೆ. ನಕ್ಕ. ನಾ ಐದು ತಾಟು ಇಟ್ಟು ಕುಂತಿದ್ದೆ. ನೀವು ಅವನ್ನ ಚಾಪಿಯಾಗ ಸುತ್ತಿ ತಂದ್ರಿ. ಯಾರಲೇ ಅಕಿ ವೆಂಕೋಬ? ನನ್ನ ಮನಿಗೆ ಬರಬೇಕಾದಾಕಿ ಯಾರು?”

ವೆಂಕೋಬ ನಿಂತಲ್ಲೇ ಕುಸಿದು ಅವಳ ಪಾದ ಹಿಡಿದ.

“ಹೇಳಬಾರದಂತ ಆಣಿ ಮಾಡೀವವ್ವಾ. ಅವನ ಮೈ ಮುಟ್ಟಿ ಆಣಿ ಮಾಡೀವಿ.”

“ಅವನ್ನ ಹೆತ್ತಾಕಿ ನಾನು. ನಿನ್ನ ಆಣಿ ನಾ ಬಿಡಿಸೀನಿ. ಹೇಳು.”

ಅವನು ಹೇಳಿದ. ತಡವರಿಸುತ್ತ, ನಡುನಡುವೆ ನಿಲ್ಲುತ್ತ.

ಅವಳ ಹೆಸರು ಮಾನಮ್ಮ. ಯಾಪಲದಿನ್ನಿಯ ಒಕ್ಕಲಿಗರ ಮಗಳು, ಮೌನಪ್ಪನ ಶಾಲೆಯಲ್ಲೇ ಟೀಚರ್. ಯರಗೇರಾದಲ್ಲಿ ಒಂದು ಕೋಣೆ ಹಿಡಿದು ಇದ್ದಳು. ಇಬ್ಬರೂ ಮದುವೆ ಎಂದು ಮಾತಾಡಿಕೊಂಡಿದ್ದರು, ಮನೆಗಳಿಗೆ ಇನ್ನೂ ಹೇಳಿರಲಿಲ್ಲ. ನೀವು ಹತ್ತುವ ಗುಂಡು ನಾನೂ ಹತ್ತುತ್ತೇನೆ, ಆಮೇಲೆ ನಿಮ್ಮ ತಾಯಿಯನ್ನು ನೋಡುತ್ತೇನೆ ಎಂದಿದ್ದಳಂತೆ. ಶನಿವಾರ ಚಹಾದಂಗಡಿಯಲ್ಲಿ ಜಗಳ ನಡೆದದ್ದು ಇದಕ್ಕೇ. ಹೊಸಬಳು, ಕಾಲು ಜಾರಿದರೆ ಜೀವ ಹೋಗುತ್ತದೆ, ಕರೆತರಬೇಡ ಎಂದು ವೆಂಕೋಬ ಕೊರಳಪಟ್ಟಿ ಹಿಡಿದಿದ್ದ. ಭಾನುವಾರ ಮೊದಲ ಬಸ್ಸಿಗೆ ಅವಳು ಮಾನ್ವಿಗೆ ಬಂದಳು, ಮೌನಪ್ಪ ಗಾಡಿಯ ಮೇಲೆ ಕರೆದುಕೊಂಡು ಹೋದ.

“ಆ ಗಂಟು ಅವನ ಕಟ್ಟಿದ್ದು,” ಎಂದ ವೆಂಕೋಬ. “ಸೊಂಟಕ್ಕ ಟವೆಲ್ ಮಡಚಿ ಹಾಕಿ, ಮ್ಯಾಲ ಹಗ್ಗ ಕಟ್ಟಿದ. ತಾ ಮೊದಲ ಹತ್ತಿ ಮ್ಯಾಲ ಕುಂತು ಜಗ್ಗಾಕತ್ತಿದ್ದ. ನಾವು ಕೆಳಗ ಇದ್ವಿ. ಅಕಿ ಛಲೋ ಹತ್ತಿದ್ಲವ್ವಾ, ನಕ್ಕೋತ ಹತ್ತಿದ್ಲು. ಇನ್ನೇನು ಒಂದು ಆಳೆತ್ತರ ಉಳದಿತ್ತು, ಕಾಲು ಜಾರಿತು.”

“ಅವ ಹಗ್ಗ ಬಿಟ್ಟಿದ್ರ ಉಳೀತಿದ್ದ,” ಎಂದ ಉರುಕುಂದಪ್ಪ. “ಬಿಡು ಅಂತ ನಾನ ಒದರಿದೆ. ದೇವ್ರಾಣಿ, ನಾನ ಒದರಿದೆ. ಬಿಡಲಿಲ್ಲ. ಹಗ್ಗ ಹಿಡಕೊಂಡ ಬಂದ. ಅಕಿ ಗುಂಡಿನ ಸಂದ್ಯಾಗ ಸಿಕ್ಕೊಂಡು ಉಳದ್ಲು. ಅವ ಅಕಿ ಬಾಜೂಕ ಹಾದು ಕೆಳಗ ಬಂದ.”

ಯಮನಮ್ಮ ಕಿಟಕಿಯ ಸರಳು ಹಿಡಿದುಕೊಂಡಳು.

“ಬಾವಿಗೆ ರಾಟಿ ಇರ್ತದ,” ಎಂದಳು. “ಭಾರೆಲ್ಲಾ ಕಂಬ ಹೊರ್ತದ. ನಮ್ಮ ಕಾಲ ಕೆಳಗ ನೆಲ ಇರ್ತದ. ಅದಕ್ಕ ನಮ್ಮಾಗ ಮ್ಯಾಲ ಇದ್ದಾವ್ರಿಗೆ ಯಾರೂ ಹಗ್ಗ ಕಟ್ಟಂಗಿಲ್ಲ. ಗುಂಡಿನ ಮ್ಯಾಲ ಏನಿತ್ತೋ ನಿಮಗ? ಮ್ಯಾಲ ಇದ್ದಾವ್ನ ಯಾತಕ್ಕ ಕಟ್ಟಿದ್ರಿ?”

ಯಾವುದಕ್ಕೂ ಕಟ್ಟಿರಲಿಲ್ಲ. ಐದು ವರ್ಷದಿಂದ ಕಟ್ಟಿರಲಿಲ್ಲ. ಬಾವಿಯ ಕಟ್ಟಳೆಯನ್ನು ಬಂಡೆಗೆ ಹೊತ್ತುಕೊಂಡು ಬಂದರು, ಬಾವಿಯ ಕಂಬವನ್ನು ಅಲ್ಲೇ ಬಿಟ್ಟು ಬಂದರು. ನಾಲ್ವರೂ ಗಟ್ಟಿ ಆಳುಗಳು, ಯಾರೂ ಜಾರಿರಲಿಲ್ಲ, ಹಾಗಾಗಿ ಗೊತ್ತಾಗಿರಲಿಲ್ಲ. ನನಗೆ ಆ ಕ್ಷಣ ಅವರ ಮೇಲೆ ಸಿಟ್ಟಿರಲಿಲ್ಲ. ನನ್ನ ಮಗನ ವಯಸ್ಸಿನವರು. ಅತ್ತುಬಿಡಬೇಕೆನಿಸಿತು, ಯೂನಿಫಾರ್ಮ್ ಇತ್ತು, ಅಳಲಿಲ್ಲ.

“ಎತ್ತಿನ ಬಂಡ್ಯಾಗ ಹೆಣ ತರುಮುಂದ ಆಣಿ ಮಾಡಿದ್ವಿ,” ಎಂದ ಬೂದೆಪ್ಪ. “ಅಕಿ ಹೆಸರು ಹೊರಗ ಬಂದ್ರ ನಾಲ್ಕು ಗಂಡಸರ ಕೂಡ ಗುಡ್ಡದಾಗ ಇದ್ಲು ಅಂತ ಊರು ಬದುಕಗೊಡಂಗಿಲ್ಲ. ನೌಕರಿ ಹೋಗ್ತದ. ಪೊಲೀಸರು ಕೇಳಿದ್ರ ಗಂಟು ನಂದು ಅಂತ ಯಾರ ಬೇಕಾದ್ರೂ ಹೇಳೋದು, ಅಕಿ ಹೆಸರು ಬಾಯಿಗೆ ತರಬಾರದು. ನಮ್ಮ ನಮ್ಮೊಳಗೂ ತರಬಾರದು ಅಂತ.”

ಸಾಹೇಬರು ಎದುರಿನ ಕಾಗದವನ್ನು ಎರಡಾಗಿ ಹರಿದರು. ಯಮನಮ್ಮ ವೆಂಕೋಬನ ತಲೆಯ ಮೇಲೆ ಕೈ ಇಟ್ಟಳು. ಅವನು ಉಳಿದ. ಇಲ್ಲಿಗೆ ಮುಗಿಯಿತು ಎಂದುಕೊಂಡೆ.

“ಆಕೆಯ ಹೇಳಿಕೆ ಒಂದು ಬೇಕು,” ಎಂದರು ಸಾಹೇಬರು. “ಗುಟ್ಟಾಗಿಯೇ ತೆಗೆದುಕೊಳ್ಳೋಣ. ಈಗ ಎಲ್ಲಿದ್ದಾರೆ?”

“ಮನ್ಯಾಗ ಇರ್ತಾಳ್ರೀ,” ಎಂದ ವೆಂಕೋಬ. “ಉರುಕ್ಯಾ ಬಿಟ್ಟು ಬಂದಾನ.”

ಉರುಕುಂದಪ್ಪ ತಲೆ ಎತ್ತಿದ. “ನಾನೆಲ್ಲಿ ಬಿಟ್ಟೆ? ನಾ ಸಂದಿಗೆ ಹತ್ತಿ ಟವೆಲ್ ಕಿತ್ತು, ಕುಣಿಕಿ ತಲಿ ಮ್ಯಾಲಿಂದ ತಗದು, ಇಳಿಸಿ, ಬೇವಿನ ಗಿಡದ ಬುಡಕ ಕುಂದ್ರಿಸಿ ಮೌನ್ಯಾನ ಕಡಿ ಓಡಿ ಬಂದೆ. ಬೂದ್ಯಾ ಬಂಡಿ ತರಾಕ ಊರಿಗೆ ಹೊಂಟಿದ್ದ. ಅವ ಬಸ್ಸಿಗೆ ಹತ್ತಿಸ್ಯಾನ.”

“ನಾ ಹೊಲದಾಗಿಂದ ಅಡ್ಡ ಓಡಿದ್ನಲೇ,” ಎಂದ ಬೂದೆಪ್ಪ. “ಬೇವಿನ ಗಿಡದ ಕಡಿ ಹೋಗ್ಲೇ ಇಲ್ಲ. ತಿರುಗಿ ಬಂದಾಗ ಅಕಿ ಇದ್ದಿಲ್ಲ. ವೆಂಕೋಬನ ಹಂತ್ಯಾಕ ಗಾಡಿ ಇತ್ತಲ್ಲ, ಅವ ಬಿಟ್ಟು ಬಂದಾನ ಅಂದ್ಕೊಂಡೆ.”

“ನಾ ಮೌನ್ಯಾನ ತಲಿ ತೊಡಿ ಮ್ಯಾಲ ಇಟ್ಕೊಂಡು ಕುಂತಿದ್ದೆ,” ಎಂದ ವೆಂಕೋಬ. “ಎದ್ದೇ ಇಲ್ಲ.”

ಈಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು.

ಸಾವಿನ ಮನೆಯಲ್ಲಿ, ಮಣ್ಣು ಕೊಟ್ಟು ಬರುವಾಗ, ಬಸ್ಸಿನಲ್ಲಿ, ಯಾವಾಗ ಬೇಕಾದರೂ ಒಬ್ಬರನ್ನೊಬ್ಬರು ಕೇಳಬಹುದಿತ್ತು. ಕೇಳಿರಲಿಲ್ಲ. ಹೆಸರು ಬಾಯಿಗೆ ತರಬಾರದೆಂದು ಆಣೆ ಮಾಡಿದ್ದರು, ತಂದಿರಲಿಲ್ಲ. ಯರಗೇರಾದವರು ಅವಳು ಊರಿಗೆ ಹೋಗಿದ್ದಾಳೆಂದು ಸುಮ್ಮನಿದ್ದಾರು, ಊರಿನವರು ಶಾಲೆಯಲ್ಲಿದ್ದಾಳೆಂದು.

ಸಾಹೇಬರು ಯಾಪಲದಿನ್ನಿಯ ಅಂಚೆ ಕಚೇರಿಗೆ ಟ್ರಂಕ್ ಕಾಲ್ ಹಾಕಿಸಿದರು. ಸಿಗಲು ಇಪ್ಪತ್ತು ನಿಮಿಷ ಹಿಡಿಯಿತು. ಆ ಇಪ್ಪತ್ತು ನಿಮಿಷ ಯಾರೂ ಕೂರಲಿಲ್ಲ. ಸಿಕ್ಕ ಮೇಲೆ ಅವರು ರಿಸೀವರನ್ನು ನನ್ನ ಕೈಗೆ ಕೊಟ್ಟರು.

“ಮಾನಮ್ಮ ಟೀಚರ್ ಮನೆಯವರು ಯಾರಾದರೂ ಇದ್ದಾರೇನ್ರೀ?” ಎಂದು ಕೂಗಿದೆ.

“ಅವರಪ್ಪ ಇಲ್ಲೇ ನನ್ನ ಮುಂದ ನಿಂತಾನ್ರೀ,” ಎಂದಿತು ಆಚೆಯ ದನಿ. ಪೋಸ್ಟ್ ಮಾಸ್ತರ್ ದನಿ ತಗ್ಗಿಸಿದರು. “ಮಗಳ ಕಾರ್ಡ್ ಬಂದದ, ಓದಿ ಹೇಳು ಅಂತಾನ. ಅವಗ ಓದಾಕ ಬರಂಗಿಲ್ಲ. ಸೋಮವಾರ ಮಾನ್ವಿಯಾಗ ಹಾಕಿದ್ದು. ನಾ ಹ್ಯಾಂಗ ಓದ್ಲಿ ತಿಳೀವಲ್ದು. ಕಣ್ಣಾಡಿಸಿ ಸುಮ್ನ ಕುಂತೀನಿ.”

“ನನಗ ಓದ್ರಿ. ಮೆಲ್ಲಕ.”

“ಅಪ್ಪಾ, ನನ್ನ ಸಲುವಾಗಿ ಒಬ್ಬರು ಹೋದರು. ಅವರನ್ನು ಬಿಟ್ಟು ಬರಲು ನನ್ನಿಂದ ಆಗುವುದಿಲ್ಲ. ನಾನು ಮತ್ತೆ ಅವರು ಬಿದ್ದ ಬಂಡೆಗೇ ಹೋಗುತ್ತೇನೆ. ನನ್ನ ದಾರಿ ನೋಡಬೇಡ.”

ನಾನು ಅದನ್ನೇ ಗಟ್ಟಿಯಾಗಿ ಹೇಳಿದೆ, ಶಬ್ದಕ್ಕೆ ಶಬ್ದ. ಸಾಹೇಬರು ಟೋಪಿ ತೆಗೆದುಕೊಂಡು ಜೀಪಿಗೆ ಓಡಿದರು. ಉರುಕುಂದಪ್ಪ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದ. ಸೋಮವಾರ ಹಾಕಿದ ಕಾರ್ಡು. ಇವತ್ತು ಬುಧವಾರ, ಹೊತ್ತು ಮುಳುಗಲು ಅರ್ಧ ತಾಸು ಉಳಿದಿತ್ತು.

ಯಮನಮ್ಮ ಸೊಂಟದ ಕುಣಿಕೆಯನ್ನು ಇನ್ನೂ ತೆಗೆದಿರಲಿಲ್ಲ. ಮೂವರನ್ನೂ ಒಬ್ಬೊಬ್ಬರಾಗಿ ನೋಡಿದಳು. ಬೈಯಲಿಲ್ಲ, ದನಿ ಏರಿಸಲಿಲ್ಲ.

“ನನ್ನ ಮಗ ಸಾಯೋ ತನಕ ಅಕಿ ಹಗ್ಗ ಬಿಡಲಿಲ್ಲ,” ಎಂದಳು. “ನೀವು ಮೂರು ಮಂದಿ ಕೂಡಿ ಬಿಟ್ರಿ.”